ಯಾವ ಜಿ, ಯಾವ ಹುನ್?

ಪ್ರಶ್ನೆ: ನಮಗೆ ಹೋದ ತಿಂಗಳು ಗಂಡು ಮಗು ಆಗಿದೆ. ಉತ್ತರಾಷಾಢ ನಕ್ಷತ್ರ, ನಾಲ್ಕನೇ ಪಾದ. ‘ಜಿ’ ಅಕ್ಷರದಿಂದ ಹೆಸರಿಡಿ ಅಂತ ಪುರೋಹಿತರು ಹೇಳಿದ್ದಾರೆ. ನಾನೂ ನನ್ನ ಹೆಂಡತಿಯೂ ಕೊರಿಯನ್ ಧಾರಾವಾಹಿಗಳನ್ನು ಬಿಡದೆ ನೋಡುವವರು. ಅವಳಿಗೆ ‘ಜಿಹೂನ್’ ಅನ್ನೋ ಹೆಸರು ತುಂಬಾ ಇಷ್ಟ. ಅರ್ಥ ಹುಡುಕಿದರೆ ಒಂದು ಕಡೆ ‘ಜ್ಞಾನ, ಸಾಧನೆ’ ಅಂತಿದೆ. ಇನ್ನೊಂದು ಕಡೆ ‘ಗುರಿ ಇರುವವನು’ ಅಂತಿದೆ. ಮತ್ತೊಂದು ಕಡೆ ‘ಪರಿಮಳ’ ಅಂತಿದೆ. ಯಾವುದು ಸರಿ? ಕೊರಿಯನ್ನರೂ ಅಪ್ಪ, ಅಮ್ಮ ಅಂತಾರಲ್ಲ, ಈ ಹೆಸರಿಗೂ ನಮ್ಮ ಭಾಷೆಗೂ ಏನಾದರೂ ನಂಟಿದೆಯಾ? ಮಗುವಿಗೆ ಇಡಬಹುದಾ?

ಉತ್ತರ: ಮೊದಲಿಗೆ ಅಭಿನಂದನೆಗಳು. ನಿಮಗೆ ಸಿಕ್ಕ ಅರ್ಥಗಳು ಮೂರೂ ಸರಿ. ತಮಾಷೆಗೆ ಹೇಳುತ್ತಿಲ್ಲ. ಅವರೆಲ್ಲ ಬೇರೆ ಬೇರೆ ಹೆಸರುಗಳ ಅರ್ಥ ಬರೆದಿದ್ದಾರೆ. ಕೇಳುವುದಕ್ಕೆ ಮಾತ್ರ ಅವೆಲ್ಲ ಒಂದೇ ಥರ.

ಕೊರಿಯಾದಲ್ಲಿ ಮಗುವಿನ ಹೆಸರು ಬರೆಸುವಾಗ ಎರಡು ಲಿಪಿಯಲ್ಲಿ ಬರೆಸುವುದು ರೂಢಿ. ಒಂದು ಹಂಗುಲ್, ಅವರ ಸ್ವಂತ ಲಿಪಿ. ಅದು ನಮ್ಮ ಲಿಪಿಯ ಹಾಗೇ ಉಚ್ಚಾರವನ್ನು ತೋರಿಸುತ್ತದೆ. ಇನ್ನೊಂದು ಹಂಜಾ, ಅಂದರೆ ಚೀನೀ ಅಕ್ಷರ. ಹಂಜಾದಲ್ಲಿ ಒಂದೊಂದು ಅಕ್ಷರವೂ ಒಂದೊಂದು ಪದ ಇದ್ದ ಹಾಗೆ, ಅದಕ್ಕೆ ಅದರದ್ದೇ ಅರ್ಥ ಇರುತ್ತದೆ. ಹೆಸರಿನ ಅರ್ಥ ಕೂತಿರುವುದು ಈ ಹಂಜಾದಲ್ಲಿ. ಉಚ್ಚಾರ ಅದರ ಹೊರಗಿನ ಹೊದಿಕೆ ಅಷ್ಟೇ.

ಸಮಸ್ಯೆ ಇಲ್ಲೇ ಶುರುವಾಗುತ್ತದೆ. ಚೀನೀ ಭಾಷೆಯಲ್ಲಿ ಬೇರೆ ಬೇರೆ ಥರ ಕೇಳುವ ಎಷ್ಟೋ ಅಕ್ಷರಗಳು ಕೊರಿಯನ್ನರ ಬಾಯಲ್ಲಿ ಒಂದೇ ಆಗಿಬಿಟ್ಟಿವೆ. ಹೆಸರಿಗೆ ಬಳಸಬಹುದಾದ ಹಂಜಾಗಳ ಅಧಿಕೃತ ಪಟ್ಟಿಯೊಂದು ದಕ್ಷಿಣ ಕೊರಿಯಾದಲ್ಲಿ 1991ರಿಂದ ಇದೆ. ಅದನ್ನು ಆಗಾಗ ಹಿಗ್ಗಿಸುತ್ತಾ ಬಂದಿದ್ದಾರೆ, ಈಗ ಅದರಲ್ಲಿ ಎಂಟು ಸಾವಿರಕ್ಕಿಂತ ಜಾಸ್ತಿ ಅಕ್ಷರಗಳಿವೆ. ‘ಜಿ’ ಅಂತ ಓದುವ ಅಕ್ಷರಗಳೇ ನಲವತ್ತಕ್ಕಿಂತ ಹೆಚ್ಚು. ‘ಹುನ್’ ಅಂತ ಓದುವುವು ಹತ್ತಕ್ಕಿಂತ ಹೆಚ್ಚು. ಗುಣಿಸಿದರೆ ಒಂದೇ ಉಚ್ಚಾರಕ್ಕೆ ನಾನೂರು ಅರ್ಥ ದಾಟಿತು. ನಿಜವಾಗಿ ಓಡಾಡುವುದು ಅದರಲ್ಲಿ ಕೆಲವೇ ಜೋಡಿ, ಅದು ಬೇರೆ ಮಾತು.

ನೀವು ‘ಜಿಹೂನ್’ ಅಂತ ಬರೆದಿದ್ದೀರಿ, ನಾನು ‘ಜಿಹುನ್’ ಅಂತ ಬರೆಯುತ್ತಿದ್ದೇನೆ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ‘ಜಿ’ ನೋಡೋಣ. ಗಂಡುಮಕ್ಕಳ ಹೆಸರಲ್ಲಿ ಹೆಚ್ಚಾಗಿ ಕಾಣುವ ಜಿ ಮೂರು. ಒಂದು ಜಾಣ್ಮೆಯ ಜಿ. ‘ಜಿಹೆ’, ಅಂದರೆ ವಿವೇಕ, ಅನ್ನುವ ಪದದಲ್ಲಿ ಇರುವುದು ಇದೇ. ಎರಡನೆಯದು ಮನಸ್ಸಿನ ಗುರಿ, ಸಂಕಲ್ಪ ಅನ್ನುವ ಜಿ. ಮೂರನೆಯದು ತಿಳಿಯುವುದು ಅನ್ನುವ ಜಿ, ‘ಜಿಶಿಕ್’ ಅಂದರೆ ತಿಳಿವಳಿಕೆ. ಇವುಗಳ ಆಚೆ ನೆಲ ಅನ್ನೋ ಜಿ ಇದೆ, ತಲುಪುವುದು ಅನ್ನೋ ಜಿ ಇದೆ, ಕೊಳ ಅನ್ನೋ ಜಿ ಇದೆ. ನಟ ಜಿ ಚಾಂಗ್‌ವೂಕ್ ನಿಮಗೆ ಗೊತ್ತಿರುತ್ತಾರೆ. ಅವರ ‘ಜಿ’ ಮನೆತನದ ಹೆಸರು, ಅದು ಈ ಕೊಳದ ಜಿ. ಮೇಲೆ ಹೇಳಿದ ಮೂರು ಜಿಗೂ ಅದಕ್ಕೂ ಸಂಬಂಧ ಇಲ್ಲ.

‘ಹುನ್’ ನನಗೆ ಇನ್ನೂ ಇಷ್ಟದ ಗುಂಪು. ಸಾಧನೆ, ದೇಶಕ್ಕೆ ಮಾಡಿದ ಸೇವೆ ಅನ್ನುವ ಹುನ್ ಒಂದು. ಪದಕಕ್ಕೆ ಅವರು ‘ಹುನ್‌ಜಾಂಗ್’ ಅನ್ನುತ್ತಾರೆ, ಅದರಲ್ಲಿರುವುದು ಇದು. ಕಲಿಸುವುದು, ತಿದ್ದುವುದು ಅನ್ನುವ ಹುನ್ ಇನ್ನೊಂದು. ಹಳೇ ಕಾಲದ ಊರ ಶಾಲೆಯ ಮೇಷ್ಟ್ರಿಗೂ ‘ಹುನ್‌ಜಾಂಗ್’ ಅಂತಲೇ ಹೆಸರು! ಪದಕ, ಮೇಷ್ಟ್ರು ಎರಡಕ್ಕೂ ಒಂದೇ ಉಚ್ಚಾರ, ಹಂಜಾ ಮಾತ್ರ ಬೇರೆ. ಈ ಕಲಿಸುವ ಹುನ್‌ಗೆ ಒಂದು ದೊಡ್ಡ ಮನೆತನವೇ ಇದೆ ಅನ್ನಬೇಕು. ಕೊರಿಯಾದ ರಾಜ ಸೆಜೊಂಗ್ 1443ರಲ್ಲಿ ಹೊಸ ಲಿಪಿ, ಅಂದರೆ ಈಗಿನ ಹಂಗುಲ್, ರೂಪಿಸಿ, 1446ರಲ್ಲಿ ಅದನ್ನು ಜನರ ಮುಂದಿಟ್ಟ. ಆಗ ಅದಕ್ಕೆ ಕೊಟ್ಟ ಹೆಸರು ‘ಹುನ್‌ಮಿನ್‌ಜೊಂಗುಮ್’, ಜನರಿಗೆ ಕಲಿಸಲು ಸರಿಯಾದ ಧ್ವನಿಗಳು ಅಂತ. ಅಲ್ಲಿ ಮೊದಲಿಗೆ ನಿಂತಿರುವುದು ಇದೇ ಹುನ್.

ಮೂರನೆಯದು ಪರಿಮಳದ ಹುನ್. ಘಮಘಮಿಸುವ ಗಿಡಮೂಲಿಕೆ ಅಂತ ಅದರ ಮೂಲ ಅರ್ಥ. ಮನಸ್ಸಿಗೆ ಬೆಚ್ಚಗನ್ನಿಸುವ ಮಾತು, ದೃಶ್ಯ, ಮನುಷ್ಯರಿಗೆ ‘ಹುನ್‌ಹುನ್ ಹಾದಾ’ ಅನ್ನುತ್ತಾರಲ್ಲ, ಅದು ಈ ಅಕ್ಷರದಿಂದ ಬಂದದ್ದು. ಧಾರಾವಾಹಿ ನೋಡುವವರ ಕಿವಿಗೆ ‘ಹುನ್‌ನಾಮ್’ ಅನ್ನೋ ಆಡುಮಾತೂ ಬಿದ್ದಿರಬಹುದು. ನೋಡಿದರೆ ಹಿತ ಅನ್ನಿಸುವ ಹುಡುಗ ಅಂತ. ಅದೂ ಇದೇ ಹುನ್.

ಹಾಗಾದರೆ ಕೊರಿಯನ್ನರು ಒಬ್ಬರಿಗೊಬ್ಬರು ತಮ್ಮ ಹೆಸರಿನ ಅರ್ಥ ಹೇಗೆ ಹೇಳುತ್ತಾರೆ? ಇದಕ್ಕೆ ಸೊಗಸಾದ ಪದ್ಧತಿ ಇದೆ. ಪ್ರತಿ ಹಂಜಾಕ್ಕೂ ಮೊದಲು ಅಚ್ಚ ಕೊರಿಯನ್ ಪದದಲ್ಲಿ ಅರ್ಥ, ಆಮೇಲೆ ಉಚ್ಚಾರ. ಹಿಂದೆ ಮಕ್ಕಳು ಸಾವಿರ ಅಕ್ಷರಗಳ ಬಾಯಿಪಾಠ ಶುರು ಮಾಡುತ್ತಿದ್ದದ್ದೇ ‘ಹಾನುಲ್ ಚೊನ್, ತಾಂಗ್ ಜಿ’ ಅಂತ. ಹಾನುಲ್ ಅಂದರೆ ಆಕಾಶ, ಅದರ ಹಂಜಾ ಉಚ್ಚಾರ ಚೊನ್. ತಾಂಗ್ ಅಂದರೆ ನೆಲ, ಅದರ ಉಚ್ಚಾರ ಜಿ. ಇದೇ ಲೆಕ್ಕದಲ್ಲಿ ಸಂಕಲ್ಪದ ಜಿ ‘ತುತ್ ಜಿ’, ತಿಳಿಯುವ ಜಿ ‘ಆಲ್ ಜಿ’. ಸಾಧನೆಯ ಹುನ್ ‘ಕೊಂಗ್ ಹುನ್’, ಕಲಿಸುವ ಹುನ್ ‘ಕಾರುಚಿಲ್ ಹುನ್’, ಪರಿಮಳದ್ದು ‘ಹ್ಯಾಂಗ್‌ಚೊ ಹುನ್’. ಜಿಹುನ್ ಅನ್ನುವವನನ್ನು ‘ಯಾವ ಹಂಜಾ?’ ಅಂತ ಕೇಳಿದರೆ ಹೀಗೆ ಎರಡು ಜೋಡಿ ಪದದಲ್ಲಿ ಹೇಳಿ ಮುಗಿಸುತ್ತಾನೆ.

ನಿಮಗೆ ಗೊತ್ತಿರುವ ಜಿಹುನ್‌ಗಳನ್ನೇ ತೆಗೆದುಕೊಳ್ಳಿ. ‘ರೇನ್’ ಅಂತ ಹೆಸರಾದ ಗಾಯಕ, ನಟನ ನಿಜವಾದ ಹೆಸರು ಜೊಂಗ್ ಜಿಹುನ್. ಹುಟ್ಟಿದ್ದು 1982ರಲ್ಲಿ. ಅವರದ್ದು ಜಾಣ್ಮೆಯ ಜಿ, ಪರಿಮಳದ ಹುನ್. ವಾನಾ ಒನ್ ಅನ್ನೋ ಪಾಪ್ ಹಾಡುಗಾರರ ತಂಡದಿಂದ ಬಂದ ಪಾರ್ಕ್ ಜಿಹುನ್ 1999ರಲ್ಲಿ ಹುಟ್ಟಿದವರು. ಅವರದ್ದು ಸಂಕಲ್ಪದ ಜಿ, ಕಲಿಸುವ ಹುನ್. ಸೆವೆಂಟೀನ್ ಅನ್ನೋ ಇನ್ನೊಂದು ಪಾಪ್ ತಂಡದ ವೂಜಿ ಮನೆಯಲ್ಲಿ ಲೀ ಜಿಹುನ್. ಅವರದ್ದು ತಿಳಿಯುವ ಜಿ, ಸಾಧನೆಯ ಹುನ್. ಮೂವರದ್ದೂ ಹಂಗುಲ್‌ನಲ್ಲಿ ಅಕ್ಷರಶಃ ಒಂದೇ. ಹಂಜಾದಲ್ಲಿ ಒಂದಕ್ಕೊಂದು ಒಂದಕ್ಷರವೂ ಸೇರುವುದಿಲ್ಲ! ನಟ ಜು ಜಿಹುನ್ ಕಥೆ ಇನ್ನೊಂದು ಥರ. ಅವರ ಹುಟ್ಟುಹೆಸರು ಜು ಯೊಂಗ್‌ಹುನ್. ತೆರೆಗೆ ಬರುವಾಗ ಹುನ್ ಹಾಗೇ ಉಳಿಸಿಕೊಂಡು ಯೊಂಗ್ ಜಾಗಕ್ಕೆ ಜಿ ತಂದರು.

ಹೆಸರಿನ ಸೊಗಸಿಗೆ ನಾನು ಮೊದಲು ನೆನೆಯುವುದು ಈ ತಾರೆಯರನ್ನಲ್ಲ, ಒಬ್ಬ ಕವಿಯನ್ನು. ಚೊ ಜಿಹುನ್, 1920ರಿಂದ 1968ರವರೆಗೆ ಬದುಕಿದ್ದವರು. ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯದ ಯೊಂಗ್ಯಾಂಗ್ ಕಡೆಯ ಜುಸಿಲ್ ಅನ್ನೋ ಹಳ್ಳಿ ಅವರ ಊರು. ಅಲ್ಲಿ ಈಗ ಅವರ ಹೆಸರಿನ ಸಾಹಿತ್ಯ ಸಂಗ್ರಹಾಲಯ ಇದೆ. ಪಾರ್ಕ್ ಮೊಗ್ವೊಲ್, ಪಾರ್ಕ್ ದುಜಿನ್ ಜೊತೆ ಸೇರಿ ‘ಹಸಿರು ಜಿಂಕೆ’ ಕವಿಗಳು ಅಂತ ಹೆಸರಾದವರಲ್ಲಿ ಇವರೊಬ್ಬರು. ಮನೆಯಲ್ಲಿ ಇಟ್ಟ ಹೆಸರು ಚೊ ದೊಂಗ್‌ತಾಕ್. ಜಿಹುನ್ ಅವರ ಕಾವ್ಯನಾಮ. ಅದಕ್ಕೆ ಅವರು ಬಳಸಿದ ಜಿ ಜಾಣ್ಮೆಯದ್ದೂ ಅಲ್ಲ, ಸಂಕಲ್ಪದ್ದೂ ಅಲ್ಲ. ಅದು ಔಷಧಿಯ ಗಿಡದ ಜಿ. ‘ಯೊಂಗ್‌ಜಿ’ ಅನ್ನುವ ಔಷಧಿ ಅಣಬೆಯ ಹೆಸರಲ್ಲೂ ಅದೇ ಇದೆ. ಅದರ ಪಕ್ಕಕ್ಕೆ ಪರಿಮಳದ ಹುನ್. ಎರಡೂ ಗಿಡದ ಮಾತು, ಎರಡೂ ಘಮದ ಮಾತು. ಜಾಣತನ, ಸಾಧನೆ ಅಂತ ಅಪ್ಪ ಅಮ್ಮ ಮಗನ ಮೇಲೆ ಹೊರಿಸುವ ಭಾರ ಇದರಲ್ಲಿಲ್ಲ. ಬೆಳೆದ ಮೇಲೆ ತಾನೇ ಆರಿಸಿಕೊಂಡ ಹೆಸರು ಅಲ್ವಾ, ಅದಕ್ಕೇ ಇರಬೇಕು.

ಇನ್ನು ಇದು ಯಾವ ಕಾಲದ ಹೆಸರು? ದಕ್ಷಿಣ ಕೊರಿಯಾದಲ್ಲಿ ಹೆಸರು ಕೇಳಿಯೇ ವಯಸ್ಸು ಊಹಿಸಬಹುದು. ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು 1948ರಲ್ಲಿ ಯೊಂಗ್ಸು, 1968ರಲ್ಲಿ ಸೊಂಗ್‌ಹೊ, 1978ರಲ್ಲಿ ಜೊಂಗ್‌ಹುನ್. 1988ರಲ್ಲಿ ಜಿಹುನ್. 1998ಕ್ಕೆ ದೊಂಗ್‌ಹ್ಯೊನ್, 2008ಕ್ಕೆ ಮಿನ್‌ಜುನ್. ಅಂದರೆ ಸೋಲ್ ಒಲಿಂಪಿಕ್ಸ್ ನಡೆದ ವರ್ಷ ಹುಟ್ಟಿದ ಮಕ್ಕಳ ತರಗತಿಗಳಲ್ಲಿ ಜಿಹುನ್ ಅಂತ ಕೂಗಿದರೆ ಇಬ್ಬರು ಮೂವರು ತಿರುಗಿ ನೋಡುತ್ತಿದ್ದರು ಅಂದುಕೊಳ್ಳಿ. ಧಾರಾವಾಹಿಗಳಲ್ಲಿ ಮೂವತ್ತು ದಾಟಿದ ನಾಯಕರಿಗೆ ಈ ಹೆಸರು ಸಲೀಸಾಗಿ ಹೊಂದುವುದೂ ಇದಕ್ಕೇ. ಹಳೆಯದಾಗಿದೆ ಅಂತೇನಲ್ಲ, ಆಮೇಲೆ ಹುಟ್ಟಿದವರಲ್ಲೂ ಬೇಕಾದಷ್ಟು ಜಿಹುನ್‌ಗಳಿದ್ದಾರೆ.

‘ಜಿ’ ಹೆಣ್ಣುಮಕ್ಕಳಿಗೂ ಸಲ್ಲುತ್ತದೆ. ಜಿಯೊಂಗ್, ಜಿಹೆ, ಜಿಉನ್, ನಟಿ ಜುನ್ ಜಿಹ್ಯುನ್. ಹೆಸರನ್ನು ಗಂಡು ಹೆಸರು ಮಾಡುವುದು ಕೊನೆಯ ಹುನ್.

ಮನೆಯಲ್ಲಿ ಅಕ್ಷರ ಆರಿಸುವ ಬಗೆ ನಿಮಗೆ ಹತ್ತಿರ ಅನ್ನಿಸಬಹುದು. ಹಳೇ ಪದ್ಧತಿಯಲ್ಲಿ ಎರಡು ಅಕ್ಷರದಲ್ಲಿ ಒಂದನ್ನು ಅಪ್ಪ ಅಮ್ಮ ಆರಿಸುವ ಹಾಗೇ ಇಲ್ಲ. ಅದು ವಂಶದ ಪಟ್ಟಿಯಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಒಂದು ತಲೆಮಾರಿನ ಅಣ್ಣ ತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ ಅದೇ ಅಕ್ಷರ ಹಂಚಿಕೊಳ್ಳಬೇಕು. ಇದಕ್ಕೆ ‘ದೊಲ್ಲಿಮ್‌ಜಾ’ ಅನ್ನುತ್ತಾರೆ, ಸರದಿಯ ಅಕ್ಷರ. ಎಷ್ಟೋ ಮನೆತನಗಳಲ್ಲಿ ಇದು ಪಂಚತತ್ವದ ಸರದಿ: ಮರ, ಬೆಂಕಿ, ಮಣ್ಣು, ಲೋಹ, ನೀರು. ತಾತನ ಅಕ್ಷರದಲ್ಲಿ ಮರದ ಗುರುತಿದ್ದರೆ ಅಪ್ಪನದ್ದರಲ್ಲಿ ಬೆಂಕಿ, ಮಗನದ್ದರಲ್ಲಿ ಮಣ್ಣು. ಇಲ್ಲಿ ಹುನ್ ಬಹಳ ಉಪಯೋಗಿ. ಬುಡದಲ್ಲಿ ಬೆಂಕಿಯ ನಾಲ್ಕು ಚುಕ್ಕೆ ಇರುವ ಹುನ್ ಇದೆ, ಬೆಂಕಿಯ ಸರದಿಗೆ ಆಯಿತು. ಎಡಗಡೆ ಮಣ್ಣಿನ ಗುರುತಿರುವ ಹುನ್ ಇದೆ, ಜೇಡಿಮಣ್ಣಿನಿಂದ ಮಾಡಿದ ಊದುವ ವಾದ್ಯ ಅಂತ ಅದರ ಅರ್ಥ. ಅದು ಮಣ್ಣಿನ ಸರದಿಗೆ. ಈಗ ಈ ಪದ್ಧತಿ ಹಿಡಿದು ಕೂರುವ ಮನೆಗಳು ಕಡಿಮೆಯಾಗುತ್ತಿವೆ.

ಆದರೆ ಹೆಸರಿನ ಜ್ಯೋತಿಷ ಕಡಿಮೆಯಾಗಿಲ್ಲ. ಅದಕ್ಕೆಂದೇ ಹೆಸರಿಡುವ ಕಚೇರಿಗಳಿವೆ. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ನಾಲ್ಕನ್ನೂ ಸೇರಿಸಿ ‘ಸಾಜು’ ಬರೆಯುತ್ತಾರೆ. ಮಗುವಿನ ಸಾಜುವಿನಲ್ಲಿ ಯಾವ ತತ್ವ ಕಮ್ಮಿ ಬಿದ್ದಿದೆ ನೋಡುತ್ತಾರೆ. ನೀರು ಕಮ್ಮಿ ಇದ್ದರೆ ನೀರಿನ ಗುರುತಿರುವ ಅಕ್ಷರ ಹುಡುಕುತ್ತಾರೆ. ಕೊಳದ ಜಿ ಹೆಸರಿನೊಳಗೆ ಬರಲು ಅದೊಂದು ದಾರಿ. ಆಮೇಲೆ ಗೀಟುಗಳ ಎಣಿಕೆ ಬೇರೆ. ನಿಮ್ಮ ಪುರೋಹಿತರು ನಕ್ಷತ್ರದ ಪಾದ ನೋಡಿ ಶಬ್ದ ಕೊಟ್ಟರು, ಅರ್ಥ ನಿಮಗೆ ಬಿಟ್ಟರು. ಅಲ್ಲಿ ಶಬ್ದದ ಜೊತೆಗೆ ಅಕ್ಷರದ ಒಳಗಿನ ಕಟ್ಟಡವನ್ನೂ ನೋಡುತ್ತಾರೆ. ಉಚ್ಚಾರ ಹಾಗೇ ಇಟ್ಟುಕೊಂಡು ಹಂಜಾ ಮಾತ್ರ ಬದಲಿಸಿಕೊಳ್ಳುವವರೂ ಇದ್ದಾರೆ. ಕೂಗುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಮೂಲದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎರಡಕ್ಷರದ ಈ ಚೀನೀ ಮಾದರಿಯ ಹೆಸರು ಕೊರಿಯಾಕ್ಕೆ ಹೊರಗಿನಿಂದ ಬಂದು ನಿಧಾನವಾಗಿ ಬೇರು ಬಿಟ್ಟದ್ದು. ಅಲ್ಲಿನ ಹಳೇ ಸಿಲ್ಲಾ ರಾಜ್ಯ 757ರಲ್ಲಿ ಊರುಗಳ ಹೆಸರುಗಳನ್ನೇ ಚೀನೀ ಮಾದರಿಗೆ ತಿದ್ದಿತು. ಮೇಲ್ವರ್ಗದವರು ಮನೆತನದ ಹೆಸರು, ವಂಶದ ಪಟ್ಟಿ ಎಲ್ಲ ಇಟ್ಟುಕೊಂಡರು. ಬಡವರು, ಜೀತದವರ ಹೆಸರುಗಳು ಮಾತ್ರ ಬಹಳ ಕಾಲ ಅಚ್ಚ ಕೊರಿಯನ್‌ನಲ್ಲೇ ಉಳಿದವು. ಮಗು ಬದುಕಿ ಉಳಿಯಲಿ ಅಂತ ‘ಗೆತ್ತೊಂಗ್’, ಅಂದರೆ ನಾಯಿಹೇಲು, ಅಂತ ಕರೆಯುವುದೂ ಇತ್ತು. ನಮ್ಮಲ್ಲಿ ತಿಪ್ಪ, ತಿಪ್ಪಯ್ಯ ಅಂತ ಇಡುತ್ತಿದ್ದರಲ್ಲ, ಅದೇ ಲೆಕ್ಕ. 1909ರಲ್ಲಿ ಮನೆಮಂದಿಯ ನೋಂದಣಿ ಕಾನೂನು ಬಂದ ಮೇಲೆ ಎಲ್ಲರಿಗೂ ಮನೆತನದ ಹೆಸರು ಬಂತು. 1940ರಲ್ಲಿ ಜಪಾನೀ ಆಡಳಿತ ಜನರ ಮೇಲೆ ಜಪಾನೀ ಹೆಸರು ಹೇರಿತು. ಸ್ವಾತಂತ್ರ್ಯ ಬಂದ ಮರುವರ್ಷ, 1946ರಲ್ಲಿ, ಹಳೇ ಹೆಸರುಗಳು ವಾಪಸ್ ಬಂದವು. ಈಚಿನ ದಶಕಗಳಲ್ಲಿ ಹಂಜಾ ಬೇಡವೇ ಬೇಡ ಅಂತ ಹಾನುಲ್ (ಆಕಾಶ), ಹಾನ್‌ಗ್ಯೊಲ್ (ಒಂದೇ ಸಮ ಇರುವವನು) ಅನ್ನೋ ಅಚ್ಚ ಕೊರಿಯನ್ ಹೆಸರಿಡುವವರೂ ಇದ್ದಾರೆ. ಜಿಹುನ್ ಆ ಗುಂಪಿಗೆ ಸೇರುವುದಿಲ್ಲ. ಅದರ ಎರಡೂ ಅಕ್ಷರ ಚೀನೀ ಮೂಲದ್ದು.

ಹೀಗಾಗಿ ನಿಮ್ಮ ಅಪ್ಪ, ಅಮ್ಮ ಪ್ರಶ್ನೆಗೆ ಉತ್ತರ ಸುಲಭ. ಈ ಹೆಸರಿಗೂ ಕನ್ನಡಕ್ಕೂ ನಂಟಿಲ್ಲ. ಕೊರಿಯನ್ ಮಕ್ಕಳು ‘ಅಪ್ಪಾ’, ‘ಒಮ್ಮಾ’ ಅನ್ನುವುದು ನಿಜ. ಕೊರಿಯನ್ನೂ ದ್ರಾವಿಡ ಭಾಷೆಗಳೂ ನೆಂಟರು ಅಂತ ಹೋಮರ್ ಹಲ್ಬರ್ಟ್ ಅನ್ನೋ ಅಮೆರಿಕನ್ 1905ರ ಸುಮಾರಿಗೆ ವಾದ ಮಾಡಿದ್ದ. ಇವತ್ತಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ತುಟಿ ಸೇರಿಸಿ ಹೇಳುವ ಪ, ಮ ಶಬ್ದಗಳು ಎಳೆಮಕ್ಕಳಿಗೆ ಮೊದಲು ಒಲಿಯುತ್ತವೆ. ಅದಕ್ಕೇ ಜಗತ್ತಿನ ಎಷ್ಟೋ ಭಾಷೆಗಳಲ್ಲಿ ತಂದೆ ತಾಯಿಯ ಹೆಸರು ಹೀಗೇ ಇದೆ.

ಈಗ ಉಚ್ಚಾರ. ಇಂಗ್ಲಿಷ್‌ನಲ್ಲಿ ಎರಡು ‘ಓ’ ಹಾಕಿ ಬರೆಯುವುದರಿಂದ ನಾವು ‘ಹೂನ್’ ಅಂತ ಎಳೆಯುತ್ತೇವೆ. ಕೊರಿಯನ್ನರು ಹಾಗೆ ಬರೆಯುವುದಕ್ಕೆ ಕಾರಣ ಬೇರೆ. ಒಂದು ‘ಯು’ ಮಾತ್ರ ಹಾಕಿದರೆ ಇಂಗ್ಲಿಷ್ ಮಾತಾಡುವವರು ‘ಹನ್’ ಅಂತ ಓದಿಬಿಡುತ್ತಾರೆ. 2000ದಲ್ಲಿ ಬಂದ ಸರ್ಕಾರಿ ಪದ್ಧತಿಯಲ್ಲಿ ಇರುವುದು ಒಂದೇ ‘ಯು’. ಆದರೂ ಎಷ್ಟೋ ಜನ ಪಾಸ್‌ಪೋರ್ಟಿನಲ್ಲಿ ಎರಡು ‘ಓ’ ಇಟ್ಟುಕೊಳ್ಳುತ್ತಾರೆ. ಇವತ್ತಿನ ಕೊರಿಯನ್ ಮಾತಿನಲ್ಲಿ ಹ್ರಸ್ವ, ದೀರ್ಘದ ವ್ಯತ್ಯಾಸ ಹೆಚ್ಚುಕಡಿಮೆ ಹೋಗಿದೆ. ಹಾಗಾಗಿ ಕನ್ನಡದಲ್ಲಿ ‘ಜಿಹುನ್’ ಸಾಕು. ಬೇಗ ಹೇಳುವಾಗ ನಡುವಿನ ‘ಹ’ ಸವೆದು ‘ಜಿಉನ್’ ಥರ ಕೇಳುತ್ತದೆ. ಮೊದಲಿನ ‘ಜ’ ಕೂಡ ನಮ್ಮಷ್ಟು ಗಟ್ಟಿ ಇಲ್ಲ, ಹೆಸರನ್ನಷ್ಟೇ ಹೇಳಿದರೆ ಅರ್ಧ ‘ಚ’ ಅನ್ನಿಸುತ್ತದೆ. ‘ಕಿಮ್ ಜಿಹುನ್’ ಅಂದಾಗ ಮಾತ್ರ ‘ಜ’ ಸ್ಪಷ್ಟ.

ಕೂಗುವ ರೀತಿಯೂ ಗೊತ್ತಿರಲಿ. ಮನೆಯವರು, ಗೆಳೆಯರು ‘ಜಿಹುನಾ!’ ಅಂತ ಕರೆಯುತ್ತಾರೆ. ವ್ಯಂಜನದಲ್ಲಿ ಮುಗಿಯುವ ಹೆಸರಿಗೆ ‘ಆ’, ಸ್ವರದಲ್ಲಿ ಮುಗಿದರೆ ‘ಯಾ’. ಅದಕ್ಕೇ ಮಿನ್‌ಹೊ ಅನ್ನುವವನನ್ನು ‘ಮಿನ್‌ಹೊಯಾ’ ಅನ್ನುವುದು. ಅಷ್ಟೇನೂ ಸಲಿಗೆ ಇಲ್ಲದವರು ‘ಜಿಹುನ್ ಸ್ಸಿ’ ಅನ್ನುತ್ತಾರೆ. ತನಗಿಂತ ದೊಡ್ಡವನಾದರೆ ಬರೀ ಹೆಸರು ಹಿಡಿದು ಕರೆಯುವಂತಿಲ್ಲ, ಹ್ಯೊಂಗ್ (ಗಂಡಸರು ಹೇಳುವ ‘ಅಣ್ಣ’), ಒಪ್ಪಾ (ಹೆಂಗಸರು ಹೇಳುವ ‘ಅಣ್ಣ’), ಸೊನ್‌ಬೆ (ಶಾಲೆಯಲ್ಲೋ ಕೆಲಸದಲ್ಲೋ ಹಿರಿಯ) ಅಂತ ಏನಾದರೂ ಸೇರಲೇಬೇಕು.

ಇಡಬಹುದಾ ಅಂದರೆ, ಧಾರಾಳವಾಗಿ ಇಡಬಹುದು. ಕೆಟ್ಟ ಅರ್ಥ ಎಲ್ಲೂ ಇಲ್ಲ, ನಿಮ್ಮ ‘ಜಿ’ ಕೂಡ ಸಿಕ್ಕಿತು. ಆದರೆ ಒಂದೆರಡು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇಲ್ಲಿ ಬೆಳೆಯುವ ಹುಡುಗ ಈ ಹೆಸರನ್ನು ಎಲ್ಲರಿಗೂ ಎರಡು ಸಲ ಹೇಳಬೇಕಾಗುತ್ತದೆ. ‘ಹೂನ್’ ಅಂತ ಎಳೆದು ಬರೆಸಿದರೆ ಚರಿತ್ರೆ ಪಾಠದಲ್ಲಿ ಹೂಣರು ಬಂದ ದಿನ ತರಗತಿಯಲ್ಲಿ ನಗು ಗ್ಯಾರಂಟಿ. ಅಜ್ಜಿ ತಾತಂದಿರಿಗೆ ನಾಲಿಗೆ ಹೊರಳದಿದ್ದರೆ ಮನೆಯಲ್ಲಿ ಬೇರೆ ಹೆಸರೇ ನಿಂತುಬಿಡುತ್ತದೆ. ಇದೆಲ್ಲ ಪರವಾಗಿಲ್ಲ ಅನ್ನಿಸಿದರೆ ಮುಂದುವರಿಯಿರಿ.

ಒಂದು ಕೆಲಸ ಮಾತ್ರ ಮಾಡಿ. ನಾಮಕರಣಕ್ಕೆ ಮೊದಲು ಯಾವ ಜಿ, ಯಾವ ಹುನ್ ಅಂತ ಗಂಡ ಹೆಂಡತಿ ಕೂತು ತೀರ್ಮಾನಿಸಿ. ಸರದಿಯ ಅಕ್ಷರದ ಕಟ್ಟುಪಾಡು ನಿಮಗಿಲ್ಲ, ಹಂಜಾ ಪಟ್ಟಿಯ ಕಾನೂನೂ ಇಲ್ಲ. ನನ್ನನ್ನು ಕೇಳಿದರೆ ಸಂಕಲ್ಪದ ಜಿ, ಪರಿಮಳದ ಹುನ್. ಮುಂದೆ ಯಾವತ್ತಾದರೂ ಕೊರಿಯನ್ ಸಹೋದ್ಯೋಗಿ ಕೇಳಿದರೆ ‘ತುತ್ ಜಿ, ಹ್ಯಾಂಗ್‌ಚೊ ಹುನ್’ ಅಂತ ಅವನೇ ಹೇಳಲಿ. ಅವಸರವೇನೂ ಬೇಡ. ನಮ್ಮ ಜನನ ನೋಂದಣಿ ಕಾನೂನಿನಲ್ಲಿ ಹೆಸರಿಲ್ಲದೆಯೇ ಜನನ ದಾಖಲಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು ಅವಕಾಶ ಇದೆ. ಸೇರಿಸುವಾಗ ಕನ್ನಡದಲ್ಲಿ ಏನು ಬರೆಸುತ್ತೀರೋ, ಇಂಗ್ಲಿಷ್‌ನಲ್ಲಿ ಒಂದು ‘ಯು’ ಹಾಕುತ್ತೀರೋ ಎರಡು ‘ಓ’ ಹಾಕುತ್ತೀರೋ, ಅವತ್ತೇ ಗಟ್ಟಿ ಮಾಡಿಕೊಳ್ಳಿ. ಆಧಾರ್, ಶಾಲೆ, ಪಾಸ್‌ಪೋರ್ಟ್ ಎಲ್ಲ ಕಡೆಯೂ ಅದೇ ಇರಬೇಕಾಗುತ್ತದೆ.